ಹೆದೆಗೆ ಯಾವ ಬೆರಳು ಹಾಕೋದು? ಬಿಲ್ಲು ಕೊಳ್ಳೋ ಮುಂಚೆ ಕೈ ನೋಡ್ಕೊಳ್ಳಿ

ಹೋದ ತಿಂಗಳು ವಿಜಯಪುರದಿಂದ ಅಕ್ಕ-ಭಾವ ಪುಣೆಗೆ ಬಂದಿದ್ರು. ಭಾನುವಾರ ಬೆಳಿಗ್ಗೆ ಭಾವನ್ನ ಪ್ರಾಕ್ಟೀಸ್ ಗ್ರೌಂಡಿಗೆ ಕರ್ಕೊಂಡು ಹೋದೆ. ಬಿಲ್ಲು ಕೈಗೆ ಕೊಟ್ಟಿದ್ದೇ ತಡ, ಚಿಟಿಕೆ ಉಪ್ಪು ಹಿಡಿದಂಗೆ ಹೆಬ್ಬೆರಳು ತೋರುಬೆರಳಲ್ಲಿ ಬಾಣದ ಬಾಲ ಹಿಡಿದು ಜಗ್ಗಿದ್ರು, ಅರ್ಧ ಬರೋದ್ರೊಳಗೆ ಬೆರಳು ಜಾರಿ ಬಾಣ ಎರಡು ಮಾರು ದೂರದಲ್ಲಿ ಹುಲ್ಲಿನ ಮೇಲೆ ಮಲಗ್ತು. "ಸಣ್ಣಾಂವ ಇದ್ದಾಗ ಹಿಂಗ ಬಿಡ್ತಿದ್ನೆಲ್ಲೋ ತಮ್ಮಾ" ಅಂದ್ರು. ನಿಜಾನೇ, ಬಿದಿರು ಸೀಳು ಬಗ್ಗಿಸಿ ಸುತಳಿ ಕಟ್ಟಿದ ಬಿಲ್ಲಿಗೆ ಅಷ್ಟು ಸಾಕಿತ್ತು. 1885ರಲ್ಲಿ ಎಡ್ವರ್ಡ್ ಮೋರ್ಸ್ ಅನ್ನೋ ಅಮೆರಿಕದ ವಿದ್ವಾಂಸರು ಜಗತ್ತಿನ ಜನ ಹೆದೆ ಎಳೆಯೋ ಬಗೆಗಳನ್ನೆಲ್ಲ ವಿಂಗಡಿಸಿ ಬರೆದಾಗ ಈ ಚಿಟಿಕೆ ಹಿಡಿತಕ್ಕೇ ಮೊದಲ ಸ್ಥಾನ ಕೊಟ್ಟಿದ್ರು, ಯಾಕಂದ್ರೆ ಯಾರೂ ಹೇಳಿಕೊಡದೇ ಕೈಗೆ ಬರೋದು ಇದೇ. ಆದ್ರೆ ಬಿಲ್ಲಿನ ಬಲ, ಅಂದ್ರೆ ಹೆದೆ ಪೂರ್ತಿ ಎಳೆಯೋಕೆ ಬೇಕಾದ ಜೋರು, 20 ಪೌಂಡ್ ಆಸುಪಾಸು ಬಂದ್ರೆ ಇದು ಕೈಕೊಡುತ್ತೆ, ಬಿಟ್ಬಿಡಿ.

ಉಳಿಯೋದು ಮೂರು. ಒಂದು, ಬಾಣದ ಮೇಲೊಂದು ಬೆರಳು ಕೆಳಗೆ ಎರಡು, ಇದಕ್ಕೆ ಮೆಡಿಟರೇನಿಯನ್ ಅಂತಾರೆ. ಎರಡು, ಮೂರೂ ಬೆರಳು ಬಾಣದ ಕೆಳಗೆ, ಅಂದ್ರೆ ಥ್ರೀ ಅಂಡರ್. ಮೂರು, ಹೆಬ್ಬೆರಳ ಹಿಡಿತ. ಯಾವುದು ಬೆಸ್ಟು ಅಂತ ಕೇಳ್ಬೇಡಿ, ನಿಮ್ಮ ಬಿಲ್ಲು ಎಷ್ಟು ಉದ್ದ, ಎಷ್ಟು ದೂರಕ್ಕೆ ಹೊಡೀತೀರ, ನಿಮ್ಮ ಬೆರಳು ಹೆಂಗಿದೆ, ಈ ಮೂರರ ಮೇಲೆ ನಿಂತಿದೆ ಎಲ್ಲ. ಸತಾರಾದಲ್ಲಿ ಕಲಿತ ಅದಿತಿ ಸ್ವಾಮಿ, ಓಜಸ್ ದೇವತಳೆ 2023ರಲ್ಲಿ ಬರ್ಲಿನ್‌ನಲ್ಲಿ ವಿಶ್ವ ಚಾಂಪಿಯನ್ ಆದ್ಮೇಲೆ ನಮ್ಮ ಕಡೆ ಹುಡುಗರಿಗೆಲ್ಲ ಬಿಲ್ಲಿನ ಹುಚ್ಚು ಹಿಡಿದಿದೆ, ಆದ್ರೆ ಅವರದ್ದು ತುದಿಗಳಲ್ಲಿ ರಾಟೆ ಇರೋ ಕಾಂಪೌಂಡ್ ಬಿಲ್ಲು, ಹೆದೆ ಬಿಡೋಕೆ ಕೈಯಲ್ಲೊಂದು ಪುಟ್ಟ ಯಂತ್ರ ಇರುತ್ತೆ, ಬೆರಳಿನ ಈ ತಲೆನೋವೇ ಇಲ್ಲ.

ಮೊದಲು ಕೊಕ್ಕೆ ಸರಿಮಾಡ್ಕೊಳ್ಳಿ

ಯಾವ ಹಿಡಿತ ಆದ್ರೂ ಇದನ್ನ ಬಿಟ್ಟು ಮುಂದೆ ಹೋಗ್ಬೇಡಿ. ಮಾರ್ಕೆಟ್ಟಿಂದ ನಾಲ್ಕು ಕಿಲೋ ತರಕಾರಿ ತುಂಬಿದ ಬಟ್ಟೆ ಚೀಲ ತರುವಾಗ ಬೆರಳು ಹೆಂಗಿರುತ್ತೆ ನೋಡಿ. ಮುಷ್ಟಿ ಬಿಗಿದಿರಲ್ಲ, ಬೆರಳು ಬರೀ ಕೊಕ್ಕೆ ಆಗಿರುತ್ತೆ, ಮುಂಗೈ ಸಡಿಲ, ಮಣಿಕಟ್ಟು ನೇರ, ಭಾರ ಹೊರೋದು ತೋಳು. ಹೆದೆಗೂ ಹಂಗೇ. ಹೆದೆ ಕೂರಬೇಕಾದ್ದು ಬೆರಳ ತುದಿಯಿಂದ ಮೊದಲನೇ ಗೆಣ್ಣಿನ ಗೆರೆಯಲ್ಲಿ, ಇಲ್ಲಾ ಅದಕ್ಕಿಂತ ಕೂದಲೆಳೆ ಒಳಗೆ. ತುದಿಯಲ್ಲಿ ಹಿಡಿದ್ರೆ ಬಿಡೋದು ನೀಟಾಗಿರುತ್ತೆ ಅಂತ ಹೊಸಬರು ಅನ್ಕೋತಾರೆ, ಆದ್ರೆ ಜಾರಬಾರ್ದು ಅಂತ ಬೆರಳು ಬಿಗಿಯುತ್ತೆ, ಬಿಗಿದ ಬೆರಳು ಬಿಡುವಾಗ ಹೆದೆನ ಪಕ್ಕಕ್ಕೆ ತಳ್ಳುತ್ತೆ, ಬಾಣ ಬಾಲ ಅಲ್ಲಾಡಿಸ್ಕೊಂಡು ಹೋಗುತ್ತೆ.

ಚೆಕ್ ಮಾಡೋಕೆ ನಾನು ಮಾಡೋದು ಹೀಗೆ. ಹೆದೆ ನಡುವಲ್ಲಿ ದಪ್ಪ ದಾರ ಸುತ್ತಿರ್ತಾರಲ್ಲ, ಅಲ್ಲಿ ಸ್ವಲ್ಪ ವಿಭೂತಿ ಸವರಿ, ಟ್ಯಾಬ್ (ಬೆರಳು ಕಾಯೋ ಚರ್ಮದ ತುಂಡು) ಹಾಕದೆ ಬರಿಗೈಯಲ್ಲಿ ಹಗುರ ಬಿಲ್ಲನ್ನ ಅರ್ಧ ಎಳೆದು ಹಂಗೇ ನಿಧಾನ ವಾಪಸ್ ತಂದು ಬೆರಳು ನೋಡಿ. ಬಿಳಿ ಗೆರೆ ಮೂರೂ ಬೆರಳಲ್ಲಿ ಕಾಣ್ಬೇಕು, ನಡುಬೆರಳಲ್ಲಿ ದಟ್ಟ, ತೋರುಬೆರಳು ಉಂಗುರಬೆರಳಲ್ಲಿ ತೆಳು. ನನ್ನದು ಮೊದಲೆಲ್ಲ ತೋರುಬೆರಳಲ್ಲೇ ದಟ್ಟ ಬೀಳ್ತಿತ್ತು, ಅದೇ ಬೆರಳಿಗೆ ಬೊಬ್ಬೆ ಬಂದು ವಾರಗಟ್ಟಲೆ ಆಫೀಸಲ್ಲಿ ಟೈಪ್ ಮಾಡೋಕೂ ಕಷ್ಟ, ಉಂಗುರಬೆರಳು ಮಾತ್ರ ಮದುವೆಗೆ ಬಂದ ಬೀಗರ ಥರ ಸುಮ್ನೆ ನಿಂತಿರ್ತಿತ್ತು. ಒಂದು ಮಾತು, ಬಾಣ ಇಲ್ಲದೆ ಹೆದೆ ಎಳೆದು ಯಾವತ್ತೂ ಪಟ್ ಅಂತ ಬಿಡ್ಬೇಡಿ, ಬಾಣಕ್ಕೆ ಹೋಗ್ಬೇಕಾದ ಶಕ್ತಿಯೆಲ್ಲ ಬಿಲ್ಲಿಗೇ ಬಡಿದು ಬಿಲ್ಲು ಸೀಳುತ್ತೆ.

ಮೇಲೊಂದು, ಕೆಳಗೆರಡು

ಒಲಿಂಪಿಕ್ಸ್‌ನಲ್ಲಿ ರಿಕರ್ವ್ (ತುದಿ ಮುಂದಕ್ಕೆ ಬಾಗಿದ ಬಿಲ್ಲು) ಹೊಡೆಯೋರ ಹಿಡಿತ ಇದು, ಹೆಚ್ಚಿನ ಕ್ಲಾಸುಗಳಲ್ಲಿ ಮೊದಲು ಕಲಿಸೋದೂ ಇದನ್ನೇ. ತೋರುಬೆರಳು ಬಾಣದ ಮೇಲೆ, ನಡುಬೆರಳು ಉಂಗುರಬೆರಳು ಕೆಳಗೆ. ಬಾಣನ ಎರಡು ಬೆರಳ ಮಧ್ಯೆ ಒತ್ತಬಾರ್ದು, ಒತ್ತಿದ್ರೆ ಬಾಣ ಬಿಲ್ಲಿನ ಮೇಲಿಂದ ಏಳುತ್ತೆ, ಹೊಸಬರ ಬಾಣ ಎಳೆಯುವಾಗಲೇ ಪಕ್ಕಕ್ಕೆ ಬೀಳೋಕೆ ಮುಕ್ಕಾಲು ಪಾಲು ಕಾರಣ ಇದೇ. ಅದಕ್ಕೇ ಕೆಲವು ಟ್ಯಾಬ್‌ಗಳಲ್ಲಿ ಎರಡು ಬೆರಳ ನಡುವೆ ಒಂದು ಗುಬುಟು ಇರುತ್ತೆ, ದಪ್ಪ ಬೆರಳಿನವರು ಅಂಥದ್ದೇ ತಗೊಳ್ಳಿ.

ಬಿಲ್ಲು ಉದ್ದ ಇದ್ರೆ, ಅಂದ್ರೆ 66-68 ಇಂಚು, ಈ ಹಿಡಿತ ಆರಾಮ. ದೂರದ ಗುರಿಗೂ ಅನುಕೂಲ, ಬಾಣದ ಬಾಲ ಕಣ್ಣಿಂದ ಕೆಳಗಿರುತ್ತೆ, ಹಾಗಾಗಿ ಬಾಣದ ಮೂತಿ ತಾನಾಗೇ ಸ್ವಲ್ಪ ಮೇಲೆ ನೋಡುತ್ತೆ. ನಮ್ಮ ದೇಶದ ಇಂಡಿಯನ್ ರೌಂಡ್ ಸ್ಪರ್ಧೆಯಲ್ಲಿ ಮರ-ಬಿದಿರಿನ ಬಿಲ್ಲಲ್ಲಿ 30 ಮತ್ತು 50 ಮೀಟರ್ ಹೊಡೀಬೇಕು. ಅಂಥ ಬಿಲ್ಲಲ್ಲಿ 50 ಮೀಟರ್ ಮುಟ್ಟಿಸಬೇಕಂದ್ರೆ ನಾನಾದ್ರೆ ಇದನ್ನೇ ಹಿಡೀತೀನಿ.

ಮೂರೂ ಕೆಳಗೆ

ಇದರಲ್ಲಿ ಬಾಣ ಕಣ್ಣಿಗೆ ಹತ್ರ ಬರುತ್ತೆ, ತೋರುಬೆರಳು ಬಾಯಿ ಮೂಲೆಗೆ ತಾಗಿದಾಗ ಬಂದೂಕಿನ ನಳಿಗೆ ಮೇಲೆ ನೋಡಿದಂಗೆ ಬಾಣದುದ್ದಕ್ಕೂ ನೋಡ್ಬಹುದು. 10-15 ಮೀಟರ್ ಒಳಗೆ ಹೊಸಬರಿಗೆ ಇದರಷ್ಟು ಖುಷಿ ಕೊಡೋದು ಬೇರೆ ಇಲ್ಲ, ಬಾಣ ಒತ್ತೋ ತಾಪತ್ರಯನೂ ಇಲ್ಲ. ದೂರಕ್ಕೆ ಹೋದ್ರೆ ಮಾತ್ರ ಬಾಣದ ತುದಿನ ಗುರಿಗಿಂತ ಮೇಲೆ, ಎಲ್ಲೋ ಮರದ ಕೊಂಬೆಗೆ ಇಡ್ಬೇಕಾಗುತ್ತೆ. ಬೇರ್‌ಬೋ ವಿಭಾಗದವರು (ಬಿಲ್ಲಿಗೆ ಗುರಿ ನೋಡೋ ಸಾಧನ ಕಟ್ಟದೆ ಹೊಡೆಯೋರು) ಹತ್ತಿರದ ಗುರಿಗೆ ಬೆರಳನ್ನ ಹೆದೆ ಮೇಲೆ ಇನ್ನೂ ಕೆಳಗೆ ಜಾರಿಸಿ ಹಿಡೀತಾರೆ, ಅದಕ್ಕೆ ಸ್ಟ್ರಿಂಗ್ ವಾಕಿಂಗ್ ಅಂತಾರೆ, ಅವರ ನಿಯಮದಲ್ಲಿ ಅದಕ್ಕೆ ಅವಕಾಶ ಇದೆ.

ಎಲ್ಲ ಬೆರಳೂ ಕೆಳಗೆ ಬಂದ್ರೆ ಬಿಲ್ಲಿನ ಕೆಳಗಿನ ತೋಳಿಗೆ ಹೆಚ್ಚು ಭಾರ ಬೀಳುತ್ತೆ, ಸದ್ದೂ ಜಾಸ್ತಿ. ಹೆದೆ ಮೇಲೆ ಬಾಣ ಕೂರಿಸೋ ಗುರುತು, ನಾಕಿಂಗ್ ಪಾಯಿಂಟ್, ಅದನ್ನ ಒಂಚೂರು ಮೇಲೆ ಸರಿಸಿ ಕಟ್ಟಿ. ಇದನ್ನ ಮರೆತು "ಥ್ರೀ ಅಂಡರ್ ನಂಗೆ ಸೆಟ್ ಆಗ್ತಿಲ್ಲ" ಅನ್ನೋರು ಬಹಳ ಜನ.

ಹೆಬ್ಬೆರಳು

ಒಂದು ಪ್ರಯೋಗ ಮಾಡಿ. ಮೂರು ಬೆರಳಲ್ಲಿ ಹೆದೆ ಎಳೆದು, ಹೆಬ್ಬೆರಳನ್ನ ಅಂಗೈ ಒಳಗೆ ಮಡಚಿಟ್ಕೊಳ್ಳಿ. ಏನೂ ವ್ಯತ್ಯಾಸ ಇಲ್ಲ, ಬಾಣ ಹೋಗೇ ಹೋಗುತ್ತೆ. ಹಂಗಾದ್ರೆ ದ್ರೋಣರು ಏಕಲವ್ಯನ ಬಲಗೈ ಹೆಬ್ಬೆರಳೇ ಯಾಕೆ ಕೇಳಿದ್ರು? ಮಹಾಭಾರತದ ಆದಿಪರ್ವದಲ್ಲಿ ಹೆಬ್ಬೆರಳು ಕೊಟ್ಟ ಮೇಲೆ ಅವನು ಉಳಿದ ಬೆರಳಲ್ಲಿ ಬಾಣ ಬಿಟ್ಟ, ಆದ್ರೆ ಮೊದಲಿನ ವೇಗ ಬರಲಿಲ್ಲ ಅಂತ ಸ್ಪಷ್ಟವಾಗೇ ಇದೆ. ಅಂದ್ರೆ ಕಥೆ ಕಟ್ಟಿದವರ ಕಣ್ಣ ಮುಂದೆ ಇದ್ದದ್ದು ಹೆಬ್ಬೆರಳ ಹಿಡಿತ. ಭಾವನಿಗೆ ಇದನ್ನ ಹೇಳಿದಾಗ ಚಹಾ ಆರೋವರೆಗೂ ತಮ್ಮ ಹೆಬ್ಬೆರಳನ್ನೇ ನೋಡ್ತಾ ಕೂತಿದ್ರು.

ಮಂಗೋಲರು, ತುರ್ಕರು, ಮೊಘಲರು ಎಲ್ಲ ಹಿಂಗೇ ಎಳೀತಿದ್ದದ್ದು. ಕೊರಿಯಾದ ಸಾಂಪ್ರದಾಯಿಕ ಬಿಲ್ಲುಗಾರರು ಇವತ್ತಿಗೂ ಹೆಬ್ಬೆರಳಲ್ಲೇ 145 ಮೀಟರ್ ಹೊಡೀತಾರೆ. ಹಿಡಿಯೋದು ಹೇಗಂದ್ರೆ, ಬಾಣದ ಕೆಳಗೆ ಹೆದೆಗೆ ಹೆಬ್ಬೆರಳು ಕೊಕ್ಕೆ ಹಾಕಿ, ಅದರ ಉಗುರಿನ ಮೇಲೆ ತೋರುಬೆರಳು ಮಡಚಿ ಬೀಗ ಹಾಕೋದು, ತೋರುಬೆರಳ ಬುಡ ಬಾಣನ ಬಿಲ್ಲಿನ ಕಡೆಗೆ ಮೆಲ್ಲಗೆ ಒತ್ತಿರುತ್ತೆ. ಬಲಗೈಯವರಿಗೆ ಬಾಣ ಬಿಲ್ಲಿನ ಬಲಕ್ಕೆ ಬರುತ್ತೆ, ಮೂರು ಬೆರಳ ಹಿಡಿತಕ್ಕೆ ತದ್ವಿರುದ್ಧ. ಹಾಗಾಗಿ ಎಡಗಡೆ ಬಾಣ ಕೂರೋಕೆ ಮೆಟ್ಟಿಲು ಕೊರೆದ ನಿಮ್ಮ ಮಾಮೂಲಿ ಬಿಲ್ಲಲ್ಲಿ ಇದು ಆಗಲ್ಲ, ಮೆಟ್ಟಿಲೇ ಇಲ್ಲದ ಬಿಲ್ಲು ಬೇಕು. ಅದರಲ್ಲಿ ಬಾಣ ಎಡಗೈ ಹೆಬ್ಬೆರಳ ಮೇಲೇ ಕೂರೋದ್ರಿಂದ ಗರಿ ಕೈ ಕೊಯ್ಯುತ್ತೆ, ಆ ಬೆರಳಿಗೆ ಬ್ಯಾಂಡೇಜ್ ಪಟ್ಟಿ ಸುತ್ತಿ.

ಬಿಲ್ಲು ಗಿಡ್ಡ ಇದ್ದವರಿಗೆ ಈ ಹಿಡಿತ ಹೇಳಿ ಮಾಡಿಸಿದ್ದು. ಕುದುರೆ ಮೇಲಿಂದ ಹೊಡೆಯೋ 50 ಇಂಚಿನ ಬಿಲ್ಲನ್ನ ಪೂರ್ತಿ ಎಳೆದಾಗ ಹೆದೆ ಅಡಿಕೆ ಕತ್ತರಿ ಥರ ಕೋನ ಮಾಡುತ್ತೆ, ಮೂರು ಬೆರಳು ಅದರೊಳಗೆ ಸಿಕ್ಕಿ ಹಿಂಡಿದಂಗಾಗುತ್ತೆ, ಒಂದೇ ಹೆಬ್ಬೆರಳಾದ್ರೆ ಜಾಗ ಸಾಕು. ಹೆಬ್ಬೆರಳಿಗೆ ಉಂಗುರ ಬೇಕು, ಚರ್ಮದ್ದಾದ್ರೂ ನಡೆಯುತ್ತೆ. ಗಟ್ಟಿ ಉಂಗುರ ಕೊಳ್ಳೋದಾದ್ರೆ ಮದುವೆ ಉಂಗುರದ ಥರ ದುಂಡಗೆ ಇರೋದು ಬೇಡ, ಒಳಗಡೆ ಮೊಟ್ಟೆ ಆಕಾರ ಇರ್ಬೇಕು. ಅದನ್ನ ಅಡ್ಡ ಹಾಕಿ ಗೆಣ್ಣು ದಾಟಿಸಿ ಆಮೇಲೆ ಕಾಲು ಸುತ್ತು ತಿರುಗಿಸಿದ್ರೆ ಗೆಣ್ಣೇ ಅದನ್ನ ತಡೆದು ನಿಲ್ಸುತ್ತೆ. ಕೈ ಕೆಳಗೆ ಮಾಡಿ ಕೊಡವಿ ನೋಡಿ, ಬಿದ್ರೆ ಸೈಜ್ ದೊಡ್ಡದು. ಇನ್ನೊಂದು, ಈ ಹಿಡಿತದಲ್ಲಿ ಕೈ ಕಿವಿ ತನಕ ಹೋಗುತ್ತೆ, ಹಳೇ ಬಾಣಗಳು ಗಿಡ್ಡ ಆಗ್ಬಹುದು, ಬಾಣದ ಮೂತಿ ಬಿಲ್ಲಿನ ಒಳಗೆ ಬಂದ್ರೆ ಅದು ನೇರ ನಿಮ್ಮ ಎಡಗೈಗೇ.

ಈಗ ಆರಿಸಿ

20-25 ಪೌಂಡಿನ ಬಿಲ್ಲು ಯಾರ ಹತ್ರನಾದ್ರೂ ಎರವಲು ತಗೊಳ್ಳಿ. ಐದಾರು ಮೀಟರ್ ದೂರದಲ್ಲಿ, ಗುರಿ ಕಾಗದ ಅಂಟಿಸದ ಬರೀ ಹುಲ್ಲಿನ ಪೆಂಡಿಗೆ, ಒಂದೊಂದು ಹಿಡಿತದಲ್ಲಿ ಆರಾರು ಬಾಣ ಬಿಡಿ. ಮೆಟ್ಟಿಲಿಲ್ಲದ ಬಿಲ್ಲು ಸಿಕ್ಕಿದ್ರೆ ಮಾತ್ರ ಹೆಬ್ಬೆರಳು ಟ್ರೈ ಮಾಡಿ. ಎಲ್ಲಿ ತಾಗ್ತು ಅನ್ನೋದು ಬೇಡ, ಬಿಟ್ಟ ಮೇಲೆ ಕೈ ಎಲ್ಲಿಗೆ ಹೋಯ್ತು ನೋಡಿ. ದವಡೆ ಸವರ್ಕೊಂಡು ಹಿಂದಕ್ಕೆ ಹೋದ್ರೆ ಸರಿ, ಗಾಳಿಗೆ ಹಾರಿದ್ರೆ ಬೆರಳನ್ನ ಬೇಕಂತ ತೆರೀತಿದ್ದೀರ. ನಮ್ಮ ಕೋಚ್ ದಿನಕ್ಕೆ ಇಪ್ಪತ್ತು ಸಲ "ಬೋಟ ಉಘಡೂ ನಕೋಸ್, ಸೈಲ ಸೋಡ್" ಅಂತಾರೆ, ಬೆರಳು ತೆರೀಬೇಡ, ಸಡಿಲ ಬಿಡು ಅಂತ.

ಒಂದು ಹಿಡಿತ ಆರಿಸ್ಕೊಂಡ ಮೇಲೆ ಒಂದು ತಿಂಗಳು ಅದನ್ನ ಬದಲಾಯಿಸ್ಬೇಡಿ. ಜುಲೈ ಮಳೆಯಲ್ಲಿ ಚರ್ಮದ ಟ್ಯಾಬ್ ನೆನೆದು ಹೆದೆಗೆ ಅಂಟೋಕೆ ಶುರುವಾದಾಗ ಹಿಡಿತದ್ದೇ ತಪ್ಪು ಅನ್ಸುತ್ತೆ, ಮೊದಲು ಟ್ಯಾಬ್ ಒಣಗಿಸಿ. ಬೆರಳು ಜೋಮು ಹಿಡಿದ್ರೆ ಮಾತ್ರ ಹಟ ಮಾಡದೆ ನಿಲ್ಲಿಸಿ, ನಾಲ್ಕು ದಿನ ಬಿಟ್ಟು ಇನ್ನೂ ಹಗುರ ಬಿಲ್ಲಲ್ಲಿ ಶುರು ಮಾಡಿ. ಭಾವ ಕೊನೆಗೆ ಥ್ರೀ ಅಂಡರ್‌ಗೆ ನಿಂತ್ರು. ವಿಜಯಪುರದಲ್ಲಿ ಬಿಲ್ಲು ಇಲ್ಲ, ಹಂಗಾಗಿ ಸಂತೆ ಚೀಲನ ಮೂರು ಬೆರಳಲ್ಲಿ ನೇತುಹಾಕ್ಕೊಂಡು ಬರ್ತಾರಂತೆ, ಅಕ್ಕ ಫೋನಲ್ಲಿ ನಕ್ಕಿದ್ದೇ ನಕ್ಕಿದ್ದು.