ಯೂನಾಳ ನಾಲ್ಕು ಮುಖಗಳು

ಫೈನಲ್ ಫ್ಯಾಂಟಸಿ 10 ಅನ್ನುವ ವಿಡಿಯೋ ಗೇಮಿನ ರೀಮಾಸ್ಟರ್, ಅಂದರೆ ಹಳೆಯದನ್ನೇ ತಿದ್ದಿ ತಂದ ಹೊಸ ಆವೃತ್ತಿ, ಚೆನ್ನಾಗಿಲ್ಲ ಅಂತ ನಾನು ಎಷ್ಟೋ ವರ್ಷ ಹೇಳಿಕೊಂಡು ತಿರುಗಿದ್ದೇನೆ. ಆಡದೆಯೇ. ನಾಯಕಿ ಯೂನಾಳ ಮುಖ ಗೊಂಬೆ ಥರ ಆಗಿದೆ, ಸಂಗೀತ ಕೆಡಿಸಿದ್ದಾರೆ, ಹಳೆಯದೇ ಚಂದ. ಇವೆಲ್ಲ ಬೇರೆಯವರ ಮಾತು. ಕೇಳಿ ಕೇಳಿ ನನ್ನದೇ ಅನಿಸಿಬಿಟ್ಟಿತ್ತು.

ಹೋದ ಮಳೆಗಾಲದಲ್ಲಿ ಅಕ್ಕನ ಮಗ ಶಿರಸಿಗೆ ಬಂದಿದ್ದ. ಹದಿನೈದು ವರ್ಷದವನು. ನನ್ನ ಭಾಷಣ ಪೂರ್ತಿ ಕೇಳಿ, "ನೀನು ಹೊಸದು ಆಡಿದ್ದೀಯಾ ಮಾವ?" ಅಂದ. ಇಲ್ಲ ಅಂದೆ. "ಮತ್ತೆ ಹೆಂಗೆ ಗೊತ್ತು?" ಅಂದ. ತೋಟಕ್ಕೆ ಮದ್ದು ಹೊಡೆಯುವ ಆಳು ಬಂದಿಲ್ಲ, ಹೊರಗೆ ಮಳೆ ಬಿಡುವುದಿಲ್ಲ, ತಪ್ಪಿಸಿಕೊಳ್ಳಲು ಬೇರೆ ನೆವವೂ ಇಲ್ಲ. ಹಾಗೆ ಶುರುವಾಯಿತು.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಈ ಆಟ ಜಪಾನಿನಲ್ಲಿ 2001ರ ಜುಲೈನಲ್ಲಿ, ಟಿವಿಗೆ ಜೋಡಿಸಿ ಆಡುವ ಪ್ಲೇಸ್ಟೇಷನ್ 2 ಯಂತ್ರಕ್ಕೆ ಬಂತು. ಪಾತ್ರಗಳು ಬಾಯಿಬಿಟ್ಟು ಮಾತಾಡಿದ ಮೊದಲ ಫೈನಲ್ ಫ್ಯಾಂಟಸಿ ಇದು. ಸಿನ್ ಅನ್ನುವ ಬೆಟ್ಟದಂಥ ಪ್ರಾಣಿ ಸಮುದ್ರದಿಂದ ಎದ್ದು ಬಂದು ಊರುಗಳನ್ನು ನುಂಗುತ್ತದೆ. ಅದನ್ನು ಶಾಂತ ಮಾಡಲು ಯೂನಾ ಯಾತ್ರೆ ಹೊರಡುತ್ತಾಳೆ. ಜೊತೆಗೆ ಕಥಾನಾಯಕ ಟೀಡಸ್, ಇನ್ನೂ ಐದು ಜನ. ರೀಮಾಸ್ಟರ್ ಜಪಾನಿನಲ್ಲಿ 2013ರ ಕೊನೆಗೆ ಬಂತು, ಬೇರೆ ಕಡೆ 2014ರಲ್ಲಿ. ಪ್ಲೇಸ್ಟೇಷನ್ 4ಕ್ಕೆ 2015ರಲ್ಲಿ, ಕಂಪ್ಯೂಟರಿಗೆ 2016ರಲ್ಲಿ.

ನಾನು ಹಳೆಯದನ್ನು ಆಡಿದ್ದು ಕಾರವಾರದಲ್ಲಿ, ಪಿಯುಸಿ ಓದುವಾಗ. ಕೋಡಿಬಾಗದ ಸೋದರಮಾವನ ಮನೆಯಲ್ಲಿದ್ದೆ. ಮಾವನ ಮಗ, ಅಂದರೆ ನನ್ನ ಭಾವ, ಸ್ನೇಹಿತನಿಂದ ಅರ್ಧ ಬೆಲೆಗೆ ಪ್ಲೇಸ್ಟೇಷನ್ 2 ಕೊಂಡಿದ್ದ. ಆ ಸ್ನೇಹಿತನ ಅಪ್ಪ ದುಬೈಯಿಂದ ತಂದಿದ್ದು. ಜೊತೆಗೆ ಬಂದ ಮೂರು ಡಿಸ್ಕುಗಳಲ್ಲಿ ಇದೂ ಒಂದು. ನಮಗೆ ಅದು ಏನಂತಲೇ ಗೊತ್ತಿರಲಿಲ್ಲ. ಮೊದಲ ವಾರ ಇಬ್ಬರೂ ಫುಟ್‌ಬಾಲ್ ಆಟ ಅಂದುಕೊಂಡಿದ್ದೆವು. ಶುರುವಿನಲ್ಲೇ ನೀರಿನೊಳಗೆ ಚೆಂಡು ಆಡುತ್ತಾರಲ್ಲ, ಬ್ಲಿಟ್ಜ್‌ಬಾಲ್, ಅದಕ್ಕೆ.

ಈಗ ನಾನು ಮಾಡಬೇಕೆಂದುಕೊಂಡಿದ್ದು ಇಷ್ಟೇ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು, ಒಂದೇ ದೃಶ್ಯವನ್ನು ಎರಡರಲ್ಲೂ ನೋಡುವುದು. ನೆನಪಿನ ಜೊತೆ ಹೋಲಿಸುವುದಲ್ಲ. ಎದುರಿಗೆ ಇಟ್ಟು ಹೋಲಿಸುವುದು.

ಹೊಸದನ್ನು ಶಿರಸಿಯ ನಮ್ಮ ಹಳ್ಳಿಯ ನೆಟ್‌ವರ್ಕಿನಲ್ಲಿ ಇಳಿಸಿಕೊಳ್ಳುವುದು ಆಗದ ಮಾತು. ಮೂವತ್ತು ಜಿಬಿಗೂ ಜಾಸ್ತಿ. ಮೊದಲ ರಾತ್ರಿ ಎರಡು ಜಿಬಿ ಇಳಿಯಿತು. ಎರಡನೇ ರಾತ್ರಿ ಲೈನ್ ಮೇಲೆ ಮರ ಬಿತ್ತು. ಕೊನೆಗೆ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು, ಹುಡುಗನನ್ನೂ ಕರೆದುಕೊಂಡು, ದೇವಿಮನೆ ಘಟ್ಟ ಇಳಿದು ಕುಮಟಾ ಮೇಲೆ ಕಾರವಾರಕ್ಕೆ ಹೋದೆ. ಭಾವನ ಮನೆಯಲ್ಲಿ ಫೈಬರ್ ಇದೆ. ಊಟ ಮಾಡಿ ಎದ್ದು ಸ್ವಲ್ಪ ಹೊತ್ತಿಗೆ ಇಳಿದಿತ್ತು.

ಹಳೆಯದರ ಕಥೆ ಬೇರೆ. ಪ್ಲೇಸ್ಟೇಷನ್ ಅಟ್ಟದ ಮೇಲಿತ್ತು. ಕಾಳಿ ನದಿಯ ಬಾಯಿಯಲ್ಲಿ ಮನೆ, ಉಪ್ಪುಗಾಳಿ. ಸ್ಕ್ರೂಗಳೆಲ್ಲ ತುಕ್ಕು ಹಿಡಿದು ಕೆಂಪಾಗಿದ್ದವು. ಹಳದಿ, ಕೆಂಪು, ಬಿಳಿ ಮೂರು ಪಿನ್ನಿನ ವೈರು ಹಾಕಲು ಹಳೆಯ ದಪ್ಪ ಟಿವಿಯೇ ಬೇಕು. ಅದೂ ಇತ್ತು, ಮೇಲೆ ಅತ್ತೆಯ ಹೊಲಿಗೆ ಮಷಿನ್ ಇಟ್ಟಿದ್ದರು. ಎಲ್ಲ ಜೋಡಿಸಿದ ಮೇಲೆ ಡಿಸ್ಕ್ ಓದಲಿಲ್ಲ. ಹತ್ತಿಯಲ್ಲಿ ಲೆನ್ಸ್ ಒರೆಸಿದೆವು. ಓದಲಿಲ್ಲ. ಆಗ ಭಾವ ಸುಮ್ನೆ ಎದ್ದು ಬಂದು ಇಡೀ ಯಂತ್ರವನ್ನು ತಲೆಕೆಳಗು ಮಾಡಿಟ್ಟ. ಓದಿತು! ಹಳೆಯ ಪ್ಲೇಸ್ಟೇಷನ್ ಇಟ್ಟುಕೊಂಡವರಿಗೆಲ್ಲ ಈ ವೈದ್ಯ ಗೊತ್ತು. ಯಾಕೆ ಕೆಲಸ ಮಾಡುತ್ತದೆ ಅಂತ ಕೇಳಬೇಡಿ.

ಚಿತ್ರ ಬಂದ ಕೂಡಲೇ ನನಗೆ ಮೊದಲ ಪೆಟ್ಟು. ಪರದೆಯ ಮೇಲೆ ಕೆಳಗೆ ದಪ್ಪ ಕಪ್ಪು ಪಟ್ಟಿ. ನಡುವೆ ಟೀಡಸ್ ಒತ್ತಿ ಕುಳ್ಳ ಮಾಡಿದ ಹಾಗೆ ನಿಂತಿದ್ದಾನೆ. ನಮ್ಮ ಡಿಸ್ಕ್ ಯುರೋಪಿನ ಪಾಲ್ ಅನ್ನುವ ಟಿವಿ ಪದ್ಧತಿಗೆ ಮಾಡಿದ ಆವೃತ್ತಿಯದು. ಅದನ್ನು ಟಿವಿಗೆ ಸರಿಯಾಗಿ ಹೊಂದಿಸದೆ ಪಟ್ಟಿ ಬಿಟ್ಟು ಕಳಿಸಿದ್ದರು. ಅದರ ಮುಂದೆ ಕೂತು ನೂರಕ್ಕೂ ಹೆಚ್ಚು ಗಂಟೆ ಆಡಿದ್ದೇನೆ. ನನ್ನ ನೆನಪಿನಲ್ಲಿ ಆ ಪಟ್ಟಿಗಳು ಇರಲೇ ಇಲ್ಲ. "ಇದನ್ನಾ ನೀನು ಚಂದ ಅಂದಿದ್ದು?" ಅಂದ ಹುಡುಗ. ಭಾವ ಬೇರೆ ಕಡೆ ನೋಡಿದ.

ಮೆಮೊರಿ ಕಾರ್ಡಿನಲ್ಲಿ ಆಟದ ಲೂಕಾ ಊರಿನ ಒಂದು ಸೇವ್, ಅಂದರೆ ಅಲ್ಲಿವರೆಗೆ ಆಡಿ ಉಳಿಸಿಟ್ಟಿದ್ದು, ಉಳಿದಿತ್ತು. ಬ್ಲಿಟ್ಜ್‌ಬಾಲ್ ಪಂದ್ಯ ಮುಗಿದ ಮೇಲಿನದು. ಅಲ್ಲಿಂದ ಮುಂದೆಯೇ ಆ ನಗುವ ದೃಶ್ಯ ಬರುತ್ತದೆ. ಟೀಡಸ್ ಮನಸ್ಸು ಮುರಿದು ನಿಂತಿರುತ್ತಾನೆ. ನಗಬೇಕು ಅಂತ ಯೂನಾ ಹೇಳುತ್ತಾಳೆ. ಅವನು ಹಾ ಹಾ ಹಾ ಅಂತ ಬಲವಂತದ ನಗು ನಗುತ್ತಾನೆ. ಇವಳೂ ಸೇರುತ್ತಾಳೆ. ಕೊನೆಗೆ ಇಬ್ಬರಿಗೂ ನಿಜವಾಗಿ ನಗು ಬರುತ್ತದೆ. ಆ ತುಣುಕನ್ನಷ್ಟೇ ನೋಡಿದವರು ಇಷ್ಟು ಕೆಟ್ಟ ನಟನೆಯಾ ಅಂತ ಗೇಲಿ ಮಾಡುತ್ತಾರೆ. ಕೆಟ್ಟದಾಗಿ ನಗುವುದೇ ಆ ದೃಶ್ಯದ ಕೆಲಸ. ಇರಲಿ, ಈ ಜಗಳ ಇಪ್ಪತ್ತು ವರ್ಷದಿಂದ ನಡೆದಿದೆ, ನಾನು ಹೇಳಿ ನಿಲ್ಲುವುದಿಲ್ಲ.

ಹುಡುಗ ಎರಡು ದಿನ ಕೂತು ಲ್ಯಾಪ್‌ಟಾಪಿನಲ್ಲೂ ಲೂಕಾ ತಲುಪಿದ. ಆಮೇಲೆ ಎರಡೂ ಪರದೆ ಅಕ್ಕಪಕ್ಕ ಇಟ್ಟು ಒಟ್ಟಿಗೆ ಶುರು ಮಾಡಿದೆವು.

ಬೇರೆಯವರ ಮಾತಿನಲ್ಲಿ ಸತ್ಯ ಇದೆ. ಹಳೆಯದು ಮಸುಕು, ಆದರೆ ಹತ್ತಿರದ ನೋಟದಲ್ಲಿ ಯೂನಾಳ ಹುಬ್ಬು ಮತ್ತು ಬಾಯಿಯ ಕೊನೆ ಜಾಸ್ತಿ ಆಡುತ್ತವೆ. ಹೊಸದರಲ್ಲಿ ಚರ್ಮ ನುಣುಪು, ಕೂದಲು ಚೊಕ್ಕ, ಕಣ್ಣು ಮಾತ್ರ ಎಲ್ಲೋ ದೂರ ನೋಡುತ್ತದೆ. ಮುಖ್ಯ ಪಾತ್ರಗಳನ್ನು ಹೊಸದಾಗಿ ಕಟ್ಟಿದ್ದಾರೆ, ಊರಿನ ಜನರನ್ನು ಅಷ್ಟು ಮುಟ್ಟಿಲ್ಲ. ಹಾಗಾಗಿ ರಂಗಸ್ಥಳದಲ್ಲಿ ಪೂರ್ತಿ ವೇಷ ಕಟ್ಟಿದವನ ಪಕ್ಕ, ಚೌಕಿಯಿಂದ ಅರ್ಧ ಬಣ್ಣದಲ್ಲೇ ಎದ್ದು ಬಂದವನು ನಿಂತ ಹಾಗೆ ಕಾಣುತ್ತದೆ. ಭಾವನಿಗೆ ಖುಷಿಯೋ ಖುಷಿ. "ನೋಡು, ನಾ ಹೇಳಿರ್ಲಿಲ್ವಾ" ಅಂದ.

ಆ ಖುಷಿ ಕೆಡಿಸಿದ್ದು ನಮ್ಮ ಆಯಿ, ಅಂದರೆ ಅಮ್ಮ. ಶಿರಸಿಗೆ ವಾಪಸ್ ಬಂದ ಮೇಲಿನ ಮಾತು. ನಾನು ನನ್ನ ಸ್ವಂತ ಆಟ ಶುರು ಮಾಡಿದ್ದೆ. ಆಯಿ ಪಕ್ಕದಲ್ಲಿ ಅಡಿಕೆ ಕತ್ತರಿಸುತ್ತಾ ಕೂತಿದ್ದಳು. ಕಿಲಿಕಾ ಊರನ್ನು ಸಿನ್ ನಾಶ ಮಾಡುತ್ತದೆ. ಸತ್ತವರನ್ನು ಕಳಿಸಿಕೊಡಲು ಯೂನಾ ನೀರಿನ ಮೇಲೆ ನಡೆದು ಹೋಗಿ ಕುಣಿಯುತ್ತಾಳೆ. ಯಾರು ತೀರಿಕೊಂಡಿದ್ದು ಅಂತ ಆಯಿ ಕೇಳಿದಳು, ಹೇಳಿದೆ. ಗೋಕರ್ಣಕ್ಕೆ ಹೋಗಿ ಅಪ್ಪಯ್ಯನ ಕಾರ್ಯ ಮಾಡಿ ಬಂದು ಎರಡೇ ವರ್ಷ. ಅಡಕತ್ತರಿ ನಿಂತಿತು. ಕೊನೆವರೆಗೆ ನೋಡಿದಳು. ಆ ದೃಶ್ಯ ಮುಗಿದು ಆಟ ಮತ್ತೆ ಶುರುವಾಯಿತು. ಯೂನಾ ಹಲಗೆಯ ಮೇಲೆ ನಿಂತಿದ್ದಳು.

"ತಮಾ, ಮೊದ್ಲು ಕುಣಿದವ್ಳೇ ಇವ್ಳಾ? ಮುಖ ಬೇರೆ ಇದ್ದಲಾ" ಅಂದಳು.

ನನಗೆ ಒಂದು ಕ್ಷಣ ಉತ್ತರ ಹೊಳೆಯಲಿಲ್ಲ. ಕುಣಿದ ದೃಶ್ಯ ಮೊದಲೇ ತಯಾರಿಸಿದ ವಿಡಿಯೋ. ಅದರಲ್ಲಿ ಒಂದು ಮುಖ. ಹಳೆಯ ಆಟದಲ್ಲಿ ಹತ್ತಿರದ ನೋಟಕ್ಕೆ ಒಂದು ಮುಖ, ದೂರದಲ್ಲಿ ನಡೆದಾಡುವಾಗ ಇನ್ನೊಂದು ಸಾದಾ ಮುಖ. ಯಾಕೆಂದರೆ ಪ್ಲೇಸ್ಟೇಷನ್ 2ಕ್ಕೆ ಎಲ್ಲ ಪಾತ್ರಗಳನ್ನೂ ಯಾವಾಗಲೂ ಅಷ್ಟು ವಿವರವಾಗಿ ತೋರಿಸುವ ಶಕ್ತಿ ಇರಲಿಲ್ಲ. ಅಂದರೆ 2001ರಲ್ಲೇ ಯೂನಾಗೆ ಮೂರು ಮುಖ ಇದ್ದವು. ರೀಮಾಸ್ಟರಿನದು ನಾಲ್ಕನೆಯದು. ನಾವು ಹದಿನೇಳು ವರ್ಷದ ಹುಡುಗರು ಆ ಮೂರನ್ನೂ ಸೇರಿಸಿ ಒಂದು ಮುಖ ಮಾಡಿಕೊಂಡಿದ್ದೆವು. ಅದು ಯಾವ ಡಿಸ್ಕಿನಲ್ಲೂ ಇಲ್ಲ. ಮೊದಲ ಸಲ ನೋಡಿದ ಆಯಿಗೆ ಅರ್ಧ ನಿಮಿಷದಲ್ಲಿ ಕಂಡಿದ್ದು ನಮಗೆ ಇಷ್ಟು ವರ್ಷ ಕಂಡಿರಲಿಲ್ಲ.

ಇದಾದ ಮೇಲೆ ಮುಖದ ಬಗ್ಗೆ ಜಗಳ ಆಡುವ ಹುಮ್ಮಸ್ಸು ನನಗೆ ಉಳಿಯಲಿಲ್ಲ. ಹೊಸ ಮುಖ ಸ್ವಲ್ಪ ಮಂಕು, ಹೌದು. ಹತ್ತು ಗಂಟೆ ಆಡಿದರೆ ಹೊಂದಿಕೊಳ್ಳುತ್ತದೆ, ಅದೂ ಹೌದು.

ಸಂಗೀತದ್ದು ಸುಲಭದ ಪರೀಕ್ಷೆ. ಮೂಲ ಸಂಗೀತ ನೊಬುವೊ ಉಯೆಮಾತ್ಸು, ಮಸಾಶಿ ಹಮಾಉಜು, ಜುನ್ಯಾ ನಾಕಾನೊ ಮೂವರದು. ರೀಮಾಸ್ಟರಿಗೆ ಎಷ್ಟೋ ಹಾಡುಗಳನ್ನು ಹೊಸದಾಗಿ ಕಟ್ಟಿದರು. ಮೊದಲು ಬಂದ ಪ್ಲೇಸ್ಟೇಷನ್ 3ರ ಆವೃತ್ತಿಯಲ್ಲಿ ಹಳೆಯದಕ್ಕೆ ಬದಲಿಸುವ ದಾರಿ ಇರಲಿಲ್ಲ. ಜನ ಸಿಟ್ಟಾಗಿದ್ದು ಅದಕ್ಕೆ. ಪ್ಲೇಸ್ಟೇಷನ್ 4ರಿಂದ ಯಾವುದು ಬೇಕೋ ಆರಿಸಿಕೊಳ್ಳಬಹುದು. ಈಗಲೂ ಆ ಹಳೆಯ ಸಿಟ್ಟನ್ನೇ ಹೇಳುವವರಿದ್ದಾರೆ. ನಾನೂ ಹೇಳುತ್ತಿದ್ದೆ.

ಕಾರವಾರದಲ್ಲಿದ್ದಾಗ ಭಾವನಿಗೂ ಹುಡುಗನಿಗೂ ಕಣ್ಣು ಮುಚ್ಚಿಸಿ ಯುದ್ಧದ ಸಂಗೀತ ಎರಡೂ ಕೇಳಿಸಿದ್ದೆ. ಭಾವ ಐದಕ್ಕೆ ಐದೂ ಸರಿ ಹೇಳಿದ, ಎರಡು ಸೆಕೆಂಡು ಸಾಕಾಯಿತು. ಹುಡುಗ, "ಎರಡೂ ಒಂದೇ ಅಲ್ವಾ?" ಅಂದ. ಭಾವನಿಗೆ ಆ ರಾತ್ರಿ ಊಟ ಸೇರಲಿಲ್ಲ. ನಾನು ಹಳೆಯದನ್ನೇ ಇಟ್ಟುಕೊಂಡೆ. ಹೊಸದರಲ್ಲಿ ವಾದ್ಯ ಜಾಸ್ತಿ, ಹಳೆಯದರಲ್ಲಿ ತಾಳ ಕಚ್ಚಿ ಹಿಡಿಯುತ್ತದೆ. ನನ್ನ ಕಿವಿಯ ಮಾತು ಅಷ್ಟೇ.

ಯಾರೂ ಅಷ್ಟಾಗಿ ಜಗಳ ಆಡದ ಒಂದು ವಿಷಯ ಇದೆ. ಆಟವನ್ನು ನಿಜವಾಗಿ ಬದಲಿಸಿದ್ದು ಅದೇ. ಕಂಪ್ಯೂಟರ್ ಆವೃತ್ತಿಯಲ್ಲಿ ಆಟವನ್ನು ನಾಲ್ಕು ಪಟ್ಟು ಓಡಿಸುವ ಕೀ ಇದೆ. ದಾರಿಯಲ್ಲಿ ಶತ್ರುಗಳೇ ಬರದ ಹಾಗೆ ಮಾಡುವುದೂ ಇದೆ. ತಾನೇ ಸೇವ್ ಆಗುತ್ತದೆ. ನಮ್ಮ ಕಡೆಯ ಕರೆಂಟಿಗೆ ಆ ಕೊನೆಯದು ವರದಾನ. ಗುಡುಗಿನ ಬಯಲಿನಲ್ಲಿ ಬೀಳುವ ಸಿಡಿಲನ್ನು ಬಿಡದೆ 200 ಸಲ ತಪ್ಪಿಸಿಕೊಂಡರೆ ಯೂನಾಳ ಜೊತೆಗಾರ್ತಿ ಲೂಲೂಳ ಆಯುಧಕ್ಕೆ ಬೇಕಾದ ಒಂದು ವಸ್ತು ಸಿಗುತ್ತದೆ. ಎಷ್ಟಾಯಿತು ಅಂತ ಪರದೆ ತೋರಿಸುವುದಿಲ್ಲ, ನಾವೇ ಎಣಿಸಬೇಕು. ಆಗ ಭಾವ ಆಡುತ್ತಿದ್ದ, ನಾನು ಹತ್ತಕ್ಕೊಂದು ಅಡಿಕೆ ತೆಗೆದಿಡುತ್ತಿದ್ದೆ. ಹದಿನಾರು ಅಡಿಕೆ ಆದಾಗ ಕರೆಂಟ್ ಹೋಯಿತು. ಅವತ್ತು ಅವನು ಹೇಳಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಶತ್ರುಗಳನ್ನು ನಿಲ್ಲಿಸುವ ಕೀಯಿಂದ ನಾನೇ ಹಾಳಾದೆ. ಕಥೆ ಗೊತ್ತು, ಬೇಗ ಮುಂದೆ ಹೋಗೋಣ ಅಂತ ಮಕಲಾನಿಯಾದಿಂದ ಆಚೆ ಅದನ್ನು ಒತ್ತಿಟ್ಟೇ ನಡೆದೆ. ಗಾಗಜೆಟ್ ಬೆಟ್ಟದಲ್ಲಿ ಖಳನಾಯಕ ಸೀಮೋರ್ ಮೂರನೇ ಸಲ ಎದುರಾಗುತ್ತಾನಲ್ಲ, ಅಲ್ಲಿ ಲೆಕ್ಕ ಚುಕ್ತಾ. ಅವನು ಈಟಿಯಿಂದ ತಿವಿದು ನಮ್ಮವನನ್ನು ಬದುಕಿರುವ ಹೆಣ ಮಾಡುತ್ತಾನೆ. ಪಕ್ಕದಲ್ಲಿರುವ ಅವನ ಜೊತೆಗಾರ ಆ ಹೆಣದ ಮೇಲೆ ಜೀವ ಕೊಡುವ ಮಂತ್ರ ಹಾಕುತ್ತಾನೆ. ಹೆಣಕ್ಕೆ ಜೀವ ಕೊಟ್ಟರೆ ಸಾಯುತ್ತದೆ, ಅದು ಆಟದ ನಿಯಮ. ನನ್ನ ಪಾತ್ರಗಳು ಯುದ್ಧ ಮಾಡಿಯೇ ಇಲ್ಲ, ಶಕ್ತಿ ಬೆಳೆಸಿಕೊಳ್ಳುವ ನಕ್ಷೆಯಾದ ಸ್ಫಿಯರ್ ಗ್ರಿಡ್ಡಿನಲ್ಲಿ ಎಲ್ಲರೂ ಅರ್ಧ ದಾರಿಯಲ್ಲಿ ನಿಂತಿದ್ದಾರೆ. ಏಳು ಸಲ ಸತ್ತೆ. ಬೆಟ್ಟ ಇಳಿದು ಕಾಮ್ ಲ್ಯಾಂಡ್ಸ್ ಬಯಲಿಗೆ ವಾಪಸ್ ಹೋಗಿ, ಈ ಸಲ ನಾಲ್ಕು ಪಟ್ಟು ವೇಗ ಹಾಕಿ, ಎರಡು ಸಂಜೆ ಬಡಿದಾಡಿದೆ. ಹೆಣವಾದವನನ್ನು ಸರಿ ಮಾಡುವ ಪವಿತ್ರ ಜಲದ ಬಾಟಲಿಗಳನ್ನು ಚೀಲದ ತುಂಬ ಕೊಂಡೆ. ಆಮೇಲೆ ಗೆದ್ದೆ.

ಅದರಿಂದ ನನ್ನ ಪದ್ಧತಿ ಹೀಗಾಯಿತು: ಒಂದೇ ಜಾಗದಲ್ಲಿ ಬಡಿದಾಡುವಾಗ ವೇಗ ಇರಲಿ. ದಾರಿ ನಡೆಯುವಾಗ ಬೇಡ. ಯಾತ್ರೆಯ ಕಥೆ ಇದು, ದಾರಿ ಉದ್ದ ಅನಿಸಬೇಕು. ಮೀಹೆನ್ ರಸ್ತೆಯನ್ನು ನಾಲ್ಕು ಪಟ್ಟು ವೇಗದಲ್ಲಿ ದಾಟಿದರೆ ಶಿರಸಿ ಜಾತ್ರೆಗೆ ಬಸ್ಸಿನಲ್ಲಿ ಬಂದು, ಇಳಿಯದೆ ವಾಪಸ್ ಹೋದ ಹಾಗೆ.

ಆಟದಲ್ಲಿ ಬರುವ ಆಲ್ ಬೆಡ್ ಜನರ ಭಾಷೆಯದ್ದೂ ಹಾಗೆಯೇ. ಇಂಗ್ಲಿಷ್ ಅಕ್ಷರಗಳನ್ನು ಅದಲುಬದಲು ಮಾಡಿದ ಭಾಷೆ ಅದು. 26 ಪುಸ್ತಕ ಇವೆ, ಒಂದು ಸಿಕ್ಕರೆ ಒಂದು ಅಕ್ಷರ ತಿಳಿಯುತ್ತದೆ. ಅರ್ಧ ಪುಸ್ತಕ ಕೈಯಲ್ಲಿದ್ದಾಗ ಅವರ ಮಾತು, ಘಟ್ಟದ ಮೇಲಿಂದ ಬಂದ ನನಗೆ ಮೊದಲ ವರ್ಷ ಕಾರವಾರ ಮಾರುಕಟ್ಟೆಯಲ್ಲಿ ಕೇಳಿದ ಕೊಂಕಣಿ ಥರವೇ. ಒಂದು ಶಬ್ದ ಹೊಳೆಯುತ್ತದೆ, ಮೂರು ತಪ್ಪುತ್ತವೆ. ಪುಸ್ತಕಗಳನ್ನು ಹುಡುಕದೆ ಓಡಿದರೆ ಆ ಸುಖ ಇಲ್ಲ. ಹುಡುಗ ಒಂಬತ್ತೇ ಹುಡುಕಿದ್ದಾನೆ, ಅವನಿಗೆ ಬೇಸರವೂ ಇಲ್ಲ.

ಅವನ ಅಭಿಪ್ರಾಯ ಏನಂದರೆ, ಆಟ ಚೆನ್ನಾಗಿದೆ, ಸರದಿ ನೋಡಿ ಯೋಚಿಸಿ ಹೊಡೆಯುವುದು ಹಿಡಿಸಿತು, ಮಾತು ಜಾಸ್ತಿಯಾಯಿತು. ಮುಖ, ಸಂಗೀತ ಯಾವುದೂ ಅವನ ಪಟ್ಟಿಯಲ್ಲೇ ಇಲ್ಲ. ಅವನು ಸಿಟ್ಟಾಗಿದ್ದು ಒಂದೇ ಸಲ. ಕೊನೆಯ ಭಾಗದಲ್ಲಿ ವಿಮಾನ ಸಿಕ್ಕ ಮೇಲೆ ಬೆಸೈಡ್ ಹಳ್ಳಿಗೆ ವಾಪಸ್ ಹೋದ. ಬಾಗಿಲಲ್ಲೇ ಡಾರ್ಕ್ ವಾಲೆಫೋರ್ ಅನ್ನುವ ಭಯಂಕರ ಶತ್ರು ಕಾಯುತ್ತಿತ್ತು. ಒಂದೇ ಏಟಿಗೆ ಎಲ್ಲ ಮುಗಿಯಿತು. ಅಮೆರಿಕದ ಹಳೆಯ ಡಿಸ್ಕಿನಲ್ಲಿ ಇದು ಇರಲಿಲ್ಲ. ಆಮೇಲಿನ ಆವೃತ್ತಿಯಲ್ಲಿ, ನಮ್ಮ ಪಾಲ್ ಡಿಸ್ಕಿನಲ್ಲಿ ಇತ್ತು, ರೀಮಾಸ್ಟರಿನಲ್ಲೂ ಇದೆ. ನನಗೆ ಗೊತ್ತಿತ್ತು. ಹೇಳಿರಲಿಲ್ಲ. ನಮಗೂ ಯಾರೂ ಹೇಳಿರಲಿಲ್ಲ ನೋಡಿ.

ಭಾವ ಮಾತ್ರ ಹಟ ಬಿಟ್ಟಿಲ್ಲ. ಹಳೆಯದರ ಮುಂದೆ ಹೊಸದು ಏನೇನೂ ಅಲ್ಲ ಅನ್ನುತ್ತಾನೆ. ಪ್ಲೇಸ್ಟೇಷನ್ ಈಗ ಅಟ್ಟದಿಂದ ಇಳಿದು ಹಾಲಿಗೆ ಬಂದಿದೆ, ತಲೆಕೆಳಗಾಗಿಯೇ. ಆದರೆ ಹುಡುಗ ಹೇಳಿದ, ದೊಡ್ಡಮಾವ, ಅಂದರೆ ಈ ಭಾವನೇ, ತನ್ನ ಆಫೀಸ್ ಲ್ಯಾಪ್‌ಟಾಪಿಗೂ ರೀಮಾಸ್ಟರ್ ಹಾಕಿಕೊಂಡಿದ್ದಾನೆ ಅಂತ. ನಾನು ಕೇಳಲು ಹೋಗಲಿಲ್ಲ. ಮೊನ್ನೆ ರಾತ್ರಿ ಹನ್ನೊಂದಕ್ಕೆ ಅವನೇ ಫೋನ್ ಮಾಡಿದ. ಮಳೆ ಹೇಗಿದೆ, ಅಡಿಕೆಗೆ ಕೊಳೆ ಬಂತಾ, ಆಯಿ ಹೇಗಿದ್ದಾಳೆ ಅಂತೆಲ್ಲ ವಿಚಾರಿಸಿದ. ಆಮೇಲೆ ದನಿ ತಗ್ಗಿಸಿ, "ಅಲ್ಲ ಮಾರಾಯಾ, ಆ ಫಾಸ್ಟ್ ಮಾಡೋ ಕೀ ಯಾವ್ದು?" ಅಂದ.