ಆಲ್ಪೈನ್ ಬಿಟ್ಟು ಡೆಬಿಯನ್ ಸ್ಲಿಮ್ ಮೇಲೆ ಕಟ್ಟಿದ ಇಮೇಜ್: ನನ್ನ ಅನುಭವ

ಸ್ಕ್ಯಾನ್ ಮಾಡಿದ ಕನ್ನಡ ಪುಟಗಳಿಂದ ಪಠ್ಯ ತೆಗೆಯುವ ನಮ್ಮ ಪೈಥಾನ್ ಸೇವೆಗಳು ಡಾಕರ್‌ನಲ್ಲಿ ಓಡುತ್ತವೆ, ಅಂದರೆ ಪ್ರತಿ ಸೇವೆಯೂ ತನಗೆ ಬೇಕಾದ ಲೈಬ್ರರಿಗಳೊಡನೆ ಇಮೇಜ್ ಎಂಬ ಒಂದೇ ಕಟ್ಟಿನಲ್ಲಿರುತ್ತದೆ. ಆ ಇಮೇಜ್‌ನ ಅಡಿಪಾಯಕ್ಕೆ, ಅಂದರೆ ಬೇಸ್‌ಗೆ, ಪುಟಾಣಿ ಲಿನಕ್ಸ್ ಆದ ಆಲ್ಪೈನ್ ಬೇಡ, ಡೆಬಿಯನ್ ಲಿನಕ್ಸ್‌ನ ಕಿರಿದುಗೊಳಿಸಿದ ರೂಪವಾದ ಸ್ಲಿಮ್ ಇರಲಿ ಎಂದು ನಾನು ಹೇಳಿದಾಗ ತಂಡದಲ್ಲಿ ಯಾರೂ ಒಪ್ಪಲಿಲ್ಲ. ಆಲ್ಪೈನ್ ಹತ್ತು ಎಂಬಿಯೊಳಗೆ ಮುಗಿಯುತ್ತದೆ, ಸ್ಲಿಮ್ ಅದರ ಹಲವು ಪಟ್ಟು ಎಂಬುದೇ ಅವರ ವಾದವಾಗಿತ್ತು.

ಆದರೆ ಎಲ್ಲ ಪ್ರೋಗ್ರಾಂಗಳೂ ಆತುಕೊಳ್ಳುವ ಮೂಲ ಸಿ ಲೈಬ್ರರಿಯಾಗಿ ಆಲ್ಪೈನ್‌ನಲ್ಲಿರುವುದು ಮಸಲ್, ಡೆಬಿಯನ್‌ನಲ್ಲಿರುವುದು ಜಿಲಿಬ್‌ಸಿ. ನಮಗೆ ಬೇಕಿದ್ದ ಚಿತ್ರ ಸಂಸ್ಕರಣೆಯ ಲೈಬ್ರರಿ ಓಪನ್‌ಸಿವಿಯ ಸಿದ್ಧ ವೀಲ್‌ಗಳು (ಮೊದಲೇ ಕಂಪೈಲ್ ಮಾಡಿದ ಪೈಥಾನ್ ಪ್ಯಾಕೇಜ್‌ಗಳು) ಜಿಲಿಬ್‌ಸಿಗಾಗಿ ಕಟ್ಟಿದವು. ಹೀಗಾಗಿ ಕ್ಯಾಶ್ (ಹಿಂದಿನ ಬಿಲ್ಡ್‌ನಿಂದ ಉಳಿಸಿಟ್ಟ ಭಾಗ) ತಪ್ಪಿದಾಗಲೆಲ್ಲ ಪೈಥಾನ್ ಪ್ಯಾಕೇಜ್‌ಗಳನ್ನು ಹಾಕುವ ಪಿಪ್ ಓಪನ್‌ಸಿವಿಯನ್ನು ಮೂಲದಿಂದಲೇ ಕಂಪೈಲ್ ಮಾಡಲು ಕೂರುತ್ತಿತ್ತು. ಒಂದು ಬಿಲ್ಡ್‌ಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು, ಬಿಲ್ಡ್ ಯಂತ್ರದ ಬಾಡಿಗೆಯೋ ನಿಮಿಷದ ಲೆಕ್ಕದ್ದು. ತಿಂಗಳಿಗೆ ಹದಿನೈದು ಸಾವಿರ ರೂಪಾಯಿಯಷ್ಟು ಅದಕ್ಕೇ ಹೋಗುತ್ತಿತ್ತು. ಇಮೇಜ್ ಕಟ್ಟುವ ಸೂಚನೆಗಳ ಕಡತವಾದ ಡಾಕರ್‌ಫೈಲ್‌ನ ಕೊನೆಯಲ್ಲೊಂದು ರನ್ ಸಾಲು ಸೇರಿಸಿ ಕಂಪೈಲರ್ ಆದ ಜಿಸಿಸಿಯನ್ನು ಅಳಿಸಿದರೂ ಕೆಳಗಿನ ಲೇಯರ್‌ನಲ್ಲಿ (ಹಿಂದಿನ ಸಾಲು ಸೇರಿಸಿದ ಪದರದಲ್ಲಿ) ಅದು ಹಾಗೆಯೇ ಉಳಿಯುವುದರಿಂದ, ಚಿಕ್ಕ ಬೇಸ್ ಮೇಲೆ ಕಟ್ಟಿದ ಇಮೇಜ್ ಒಂದು ಜಿಬಿಯ ಹತ್ತಿರ ಬಂದು ನಿಂತಿತ್ತು.

ನಾನು ಪೈಥಾನ್‌ನ ಸ್ಲಿಮ್ ಇಮೇಜ್ ಮೇಲೆ ಚಿತ್ರದಿಂದ ಅಕ್ಷರ ಓದುವ ಟೆಸೆರಾಕ್ಟ್, ಅದರ ಕನ್ನಡ ದತ್ತಾಂಶದ ಪ್ಯಾಕೇಜ್ ಮತ್ತು ಹೆಡ್‌ಲೆಸ್ (ಪರದೆಯ ಕಿಟಕಿಗಳ ಭಾಗವಿಲ್ಲದ) ಓಪನ್‌ಸಿವಿಯನ್ನು ಹಾಕಿ, ತಂಡಕ್ಕೆಲ್ಲ ಒಂದೇ ನಡುವಣ ಬೇಸ್ ಕಟ್ಟಿದೆ. ಕಂಪೈಲ್ ಮಾಡಲೇಬೇಕಾದ ಒಂದೆರಡು ಪ್ಯಾಕೇಜ್‌ಗಳು ಮಲ್ಟಿ-ಸ್ಟೇಜ್ (ಹಲವು ಹಂತಗಳ) ಬಿಲ್ಡ್‌ನ ಮೊದಲ ಹಂತದಲ್ಲಿ ವೀಲ್‌ಗಳಾಗುತ್ತವೆ. ಮುಂದಿನ ಹಂತಕ್ಕೆ ಆ ವೀಲ್‌ಗಳಷ್ಟೇ ದಾಟುತ್ತವೆ. ಬೇಸ್ ಐನೂರು ಎಂಬಿಯ ಆಸುಪಾಸಿನಲ್ಲಿದೆ, ನಿಜ. ಆದರೆ ಪ್ರತಿ ಸರ್ವರ್ ಅದನ್ನು ಒಮ್ಮೆ ಇಳಿಸಿಕೊಂಡರೆ ಸಾಕು, ಬೇಸ್ ಬದಲಾಗುವವರೆಗೆ ಆಮೇಲಿನ ಬಿಡುಗಡೆಗಳಲ್ಲಿ ಇಳಿಯುವುದು ನಮ್ಮ ಕೋಡ್‌ನ ಎರಡು-ಮೂರು ಎಂಬಿಯ ಲೇಯರ್ ಮಾತ್ರ. ಬಿಲ್ಡ್ ಎರಡು ನಿಮಿಷಕ್ಕಿಳಿದಿದೆ, ಬಾಡಿಗೆ ಮೂರು ಸಾವಿರ ದಾಟುವುದಿಲ್ಲ. ಅಂದು ಬೇಡವೆಂದು ತಲೆಯಾಡಿಸಿದವರ ಡಾಕರ್‌ಫೈಲ್‌ಗಳೂ ಈಗ ಇದೇ ಬೇಸ್‌ನಿಂದ ಶುರುವಾಗುತ್ತವೆ ಎಂಬುದನ್ನು ಹೇಳದೆ ಇರಲಾರೆ.

ಬೇಸ್ ಯಾವುದೆಂದು ಹೇಳುವ ಫ್ರಮ್ ಸಾಲಿನಲ್ಲಿ ಟ್ಯಾಗ್ (ಮುಂದೆ ಬೇರೆ ಇಮೇಜ್‌ಗೂ ಅಂಟಿಸಬಹುದಾದ ಹೆಸರು) ಒಂದನ್ನೇ ನಂಬುವುದಿಲ್ಲ, ಡೈಜೆಸ್ಟ್ (ಇಮೇಜ್‌ನ ಒಳಾಂಶದಿಂದ ಲೆಕ್ಕಹಾಕಿದ ಗುರುತು) ಬರೆಯುತ್ತೇವೆ. ಭದ್ರತಾ ತಿದ್ದುಪಡಿಗಳಿಗಾಗಿ ವಾರಕ್ಕೊಮ್ಮೆ ಬೇಸ್ ಮತ್ತೆ ಕಟ್ಟಿದಾಗ ಎಲ್ಲ ಸೇವೆಗಳ ಡೈಜೆಸ್ಟ್ ಬದಲಿಸುವ ಸ್ಕ್ರಿಪ್ಟ್ ಒಂದಿದೆ. ಅದರ ಒಳಗುಟ್ಟು ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ಡಿಸ್ಟ್ರೋಲೆಸ್ (ಶೆಲ್, ಪ್ಯಾಕೇಜ್ ಮ್ಯಾನೇಜರ್ ಯಾವುದೂ ಇಲ್ಲದ ಬೇಸ್) ಕೂಡ ಪ್ರಯತ್ನಿಸಿದೆ. ಟೆಸೆರಾಕ್ಟ್‌ಗೆ ಬೇಕಾದ ಲೈಬ್ರರಿಗಳನ್ನು ಒಂದೊಂದಾಗಿ ಹುಡುಕಿ ನಕಲಿಸಬೇಕಾಯಿತು, ಉಳಿತಾಯವಾದದ್ದು ಮೂವತ್ತು-ನಲವತ್ತು ಎಂಬಿ ಅಷ್ಟೇ, ಸೇವೆ ಬಿದ್ದಾಗ ಒಳಹೊಕ್ಕು ಆದೇಶ ಕೊಟ್ಟು ನೋಡಲು ಶೆಲ್ ಕೂಡ ಇರಲಿಲ್ಲ. ಗೋ ಭಾಷೆಯಲ್ಲಿ ಬರೆದ ಒಂದು ಚಿಕ್ಕ ಸೇವೆಗೆ ಮಾತ್ರ ಅದನ್ನು ಉಳಿಸಿಕೊಂಡಿದ್ದೇನೆ.