ದಪ್ಪ ಸ್ಮಿಯರ್ ಮತ್ತು ನನ್ನ ಅವಸರ

ಮಲೇರಿಯಾ ಸ್ಲೈಡ್ ಓದುವುದನ್ನು ನಾನು ಕಲಿತದ್ದು ಪುಣೆಯ ವಾನವಡಿಯಲ್ಲಿ, 1948ರಲ್ಲಿ ಶುರುವಾದ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ. ಅದು ಸೇನೆಯ ಡಾಕ್ಟರುಗಳು ತಯಾರಾಗುವ ಜಾಗ ಎಂದಷ್ಟೇ ಹೊರಗಿನವರಿಗೆ ಗೊತ್ತು. ಸಂಶೋಧನೆಯೂ ನಮ್ಮಂಥ ಪ್ರಯೋಗಾಲಯದವರ ತರಬೇತಿಯೂ ಅಲ್ಲೇ ನಡೆಯುತ್ತವೆ.

ಒಂದೇ ಗಾಜಿನ ಮೇಲೆ ರಕ್ತದ ಎರಡು ಲೇಪ, ಅಂದರೆ ಸ್ಮಿಯರ್. ತೆಳುವಾದದ್ದನ್ನು ಮೆಥನಾಲ್‌ನಲ್ಲಿ ಅದ್ದಬೇಕು, ದಪ್ಪದ್ದಕ್ಕೆ ಮೆಥನಾಲ್ ಸೋಕಲೂ ಬಾರದು. ಜೀಮ್ಸಾ ಬಣ್ಣದ ನೀರಿನಲ್ಲಿ ಅದರ ಕೆಂಪು ಕಣಗಳು ಒಡೆದುಹೋಗಿ ಮಲೇರಿಯಾದ ಪರಾವಲಂಬಿ ಮಾತ್ರ ಉಳಿಯಬೇಕು. ದಪ್ಪ ಲೇಪದ ಕೆಳಗೆ ಪತ್ರಿಕೆಯಿಟ್ಟರೆ ಅಕ್ಷರ ಓದಲು ಬರಬೇಕೆಂಬುದು ನಮ್ಮ ಸುಬೇದಾರರ ಅಳತೆ. ಒಮ್ಮೆ ನಾನಿಟ್ಟದ್ದು ಕನ್ನಡ ಪತ್ರಿಕೆ. ಅವರು ಬಗ್ಗಿ ನೋಡಿ, "ಇದನ್ನು ನೀನೇ ಓದಿಕೋ" ಎಂದು ನಕ್ಕು ಮುಂದೆ ಹೋದರು.

ಇಷ್ಟೆಲ್ಲ ಕಲಿತವನು ನಿವೃತ್ತಿಯ ನಂತರ ಎಡವಿದೆ. ಪುಣೆಯಲ್ಲೇ ಒಂದು ಸಣ್ಣ ಪ್ರಯೋಗಾಲಯದಲ್ಲಿ ಕೂರುತ್ತಿದ್ದೆ. ಆಷಾಢದ ಮಳೆ, ಸ್ಲೈಡ್ ಎಷ್ಟು ಹೊತ್ತಾದರೂ ಒಣಗದು. ಯಾದಗಿರಿ ಕಡೆಯ ಗೌಂಡಿ ಹುಡುಗನೊಬ್ಬ ಕಂಬಳಿ ಹೊದ್ದು ಬೆಂಚಿನ ಮೇಲೆ ನಡುಗುತ್ತಿದ್ದ. ಅವಸರಕ್ಕೆ ಬಿದ್ದು ಸ್ಲೈಡನ್ನು ಉರಿಯುವ ಬಲ್ಬಿಗೆ ಹಿಡಿದೆ. ಶಾಖಕ್ಕೆ ದಪ್ಪ ಲೇಪ ಬೆಂದು ಗಾಜಿಗೆ ಕಚ್ಚಿಕೊಂಡಿತು. ಬಣ್ಣ ಹಾಕಿದರೆ ಒಡೆಯದ ಕಣಗಳ ಮಬ್ಬು ರಾಶಿ, ಅದರೊಳಗೆ ಏನೂ ಕಾಣದು.

"ಮತ್ತೆ ಚುಚ್ಚುತ್ತೀರೇನು ಕಾಕಾ?"

"ಹೌದು ತಮ್ಮಾ, ಕೆಡಿಸಿದವನು ನಾನೇ."

ಈ ಸಲ ಸ್ಲೈಡನ್ನು ಫ್ಯಾನಿನ ಕೆಳಗಿಟ್ಟು, ನೊಣ ಮುತ್ತದಂತೆ ಕಾಯುತ್ತ ಕುಳಿತೆ. ಬಣ್ಣ ಹಾಕಿ, ಎಣ್ಣೆಯ ಹನಿ ಬಿಟ್ಟು ಸೂಕ್ಷ್ಮದರ್ಶಕದ ನೂರು ಪಟ್ಟಿನ ಮಸೂರದಲ್ಲಿ ಹುಡುಕತೊಡಗಿದೆ. ಮಸೂರದಲ್ಲಿ ಒಮ್ಮೆಗೆ ಕಾಣುವಷ್ಟು ಜಾಗವೇ ಒಂದು ಕ್ಷೇತ್ರ; ಕನಿಷ್ಠ 100 ಕ್ಷೇತ್ರ ನೋಡದೆ 'ಇಲ್ಲ' ಎಂದು ಬರೆಯುವಂತಿಲ್ಲ. 'ಇದೆ' ಎನ್ನಲು ಒಂದು ಸಿಕ್ಕರೆ ಸಾಕು. 'ಇಲ್ಲ' ಎನ್ನುವುದಕ್ಕೇ ಕಣ್ಣು ಸೋಲುತ್ತದೆ. ಅರವತ್ತು ಕ್ಷೇತ್ರ ದಾಟಿದ ಮೇಲೆ ನೀಲಿ ಉಂಗುರ, ಅದರ ಅಂಚಿನಲ್ಲಿ ಕೆಂಪು ಚುಕ್ಕೆ. ತೆಳು ಲೇಪಕ್ಕೆ ಸರಿದರೆ ಹಿಗ್ಗಿದ ಕೆಂಪು ಕಣಗಳು: ವೈವ್ಯಾಕ್ಸ್ ಎಂಬ ಬಗೆಯ ಮಲೇರಿಯಾ.

ಡಾಕ್ಟರು ಮೂರು ದಿನ ಕ್ಲೋರೋಕ್ವಿನ್, 14 ದಿನ ಪ್ರೈಮಾಕ್ವಿನ್ ಬರೆದರು. ಮರಾಠಿಯಲ್ಲಿ ಅವರು ಹೇಳಿದ್ದನ್ನು ನಾನು ಕನ್ನಡದಲ್ಲಿ ಇನ್ನೊಮ್ಮೆ ಹೇಳಿದೆ: ಜ್ವರ ಬಿಟ್ಟರೂ ಈ ರೋಗಾಣು ಯಕೃತ್ತಿನಲ್ಲಿ ಮಲಗಿರುತ್ತದೆ, ತಿಂಗಳುಗಳ ಮೇಲೆ ಮತ್ತೆ ಏಳಬಹುದು, ಮಾತ್ರೆ ನಡುವೆ ಬಿಡಬೇಡ.

ಅವನು ಬೆರಳು ಮಡಚಿ ಎಣಿಸಿದ. "ನಡುವೆ ಪಂಚಮಿ ಬರುತ್ತದೆ, ಊರಿಗೆ ಹೋಗಬೇಕಲ್ಲ?"

"ಹೋಗು. ಉಂಡಿ ತಿಂದ ಮೇಲೆ ಮಾತ್ರೆ ನುಂಗು."